ತೂಕದ ಯಂತ್ರದ ಸುಳ್ಳು ಸಾಕ್ಷಿ

ಬೆಂಗಳೂರಿನ ಕಲ್ಯಾಣ ನಗರದಲ್ಲಿ ಯಾರಾದರೂ ವಾಕಿಂಗ್ ಶುರು ಮಾಡಿದ್ದಾರೆಂದು ಗೊತ್ತಾದರೆ ಸಾಕು, ಅಕ್ಕಪಕ್ಕದವರು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಇಳಿಸಿದ್ರಿ?" ರಾತ್ರಿ ನಿದ್ದೆ ಹೇಗಿದೆ, ಎರಡನೇ ಮಹಡಿ ಹತ್ತುವಾಗ ಏದುಸಿರು ಬರುತ್ತದೆಯೋ ಇಲ್ಲವೋ, ಊಟವಾದ ಮೇಲಿನ ಶುಗರ್ ಎಷ್ಟು ಬಂತು, ಇದನ್ನು ಯಾರೂ ಕೇಳುವುದಿಲ್ಲ. ಕೇಜಿ ಇಳಿದಿದ್ದರೆ ವ್ಯಾಯಾಮ ಫಲಿಸಿತು, ಇಳಿಯದಿದ್ದರೆ ನೀವು ಕಳ್ಳಾಟ ಆಡಿದ್ದೀರಿ. ಬೆವರಿಗೂ ತೂಕಕ್ಕೂ ಇಂಥ ಗಂಟು ಹಾಕಿಬಿಟ್ಟಿದ್ದೇವೆ.

ಜನವರಿ ಬಂತೆಂದರೆ ಎಚ್‌ಆರ್‌ಬಿಆರ್ ಬಡಾವಣೆಯಿಂದ ಕಮ್ಮನಹಳ್ಳಿ ಮುಖ್ಯರಸ್ತೆಯವರೆಗೆ ಜಿಮ್‌ಗಳ ಫ್ಲೆಕ್ಸುಗಳು ಏಳುತ್ತವೆ. ಎಡಗಡೆ ಹೊಟ್ಟೆ ಬಿಟ್ಟುಕೊಂಡು ಪೆಚ್ಚುಮೋರೆ ಹಾಕಿದ ಮನುಷ್ಯ, ಬಲಗಡೆ ಅದೇ ಮನುಷ್ಯ ಹೊಟ್ಟೆ ಕರಗಿ ನಗುತ್ತಿರುವುದು. ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಮೂರು ತಿಂಗಳು ಫ್ರೀ. ಮಾರ್ಚ್ ಹೊತ್ತಿಗೆ ಟ್ರೆಡ್‌ಮಿಲ್ಲುಗಳು ಖಾಲಿ ಹೊಡೆಯುತ್ತವೆ. ಹೀಗೆ ಬಿಟ್ಟುಹೋದವರನ್ನು ನಾವು ಸೋಮಾರಿಗಳೆಂದು ಕರೆಯುತ್ತೇವೆ. ನನ್ನ ತಕರಾರು ಇರುವುದು ಇಲ್ಲೇ. ಅವರು ಸೋಮಾರಿಗಳಲ್ಲ. ತೂಕ ಇಳಿಯುತ್ತದೆಂದು ಮಾತು ಕೊಟ್ಟು ಕರೆತಂದರು, ಇಳಿಯಲಿಲ್ಲ, ಹೋದರು. ಮೋಸ ಇರುವುದು ಕೊಟ್ಟ ಮಾತಿನಲ್ಲಿ.

ಲೆಕ್ಕ ನೋಡಿ. ಎಪ್ಪತ್ತು ಕೇಜಿಯ ಮನುಷ್ಯ ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಹೆಚ್ಚೆಂದರೆ 150 ಕ್ಯಾಲೊರಿ. ಒಂದು ಕೇಜಿ ಕೊಬ್ಬಿನಲ್ಲಿರುವುದು ಸುಮಾರು 7,700. ಅಂದರೆ ಹೊಟ್ಟೆಗೆ ಒಂದು ತುತ್ತೂ ಹೆಚ್ಚಿಗೆ ಬೀಳದಂತೆ ದಿನವೂ ನಡೆದರೆ ಒಂದು ಕೇಜಿ ಕರಗಲು ಐವತ್ತು ದಿನ. ನಡೆದು ಬಂದವನಿಗೆ ಹಸಿವಾಗುತ್ತದೆ ಎಂಬುದನ್ನು ಈ ಲೆಕ್ಕ ಸೇರಿಸಿಕೊಂಡಿಲ್ಲ. ಬೇಕರಿ ಮುಂದೆ ನಿಂತು ಒಂದು ಪಫ್ ತಿಂದು, ಸಕ್ಕರೆ ಹಾಕಿದ ಟೀ ಕುಡಿದರೆ ಬೆಳಗಿನ ನಡಿಗೆಯೆಲ್ಲ ಚುಕ್ತಾ, ಮೇಲಿಷ್ಟು ಬಾಕಿ.

ದೇಹವೂ ಅಷ್ಟು ಪೆದ್ದಲ್ಲ. ತಾಂಜಾನಿಯಾದಲ್ಲಿ ಹಾಡ್ಜಾ ಎಂಬ ಬೇಟೆಗಾರ ಜನರಿದ್ದಾರೆ. ಬೇಟೆ, ಗೆಡ್ಡೆಗೆಣಸು ಎಂದು ದಿನವಿಡೀ ನಡೆಯುವವರು. ಹರ್ಮನ್ ಪಾಂಟ್ಸರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಅವರು ದಿನಕ್ಕೆ ಖರ್ಚು ಮಾಡುವ ಶಕ್ತಿಯನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ ಕುರ್ಚಿಯಲ್ಲಿ ಕೂರುವ ಅಮೆರಿಕದವರ ಖರ್ಚೂ ಇವರದೂ ಹೆಚ್ಚುಕಡಿಮೆ ಒಂದೇ! ಒಂದು ಕಡೆ ಹೆಚ್ಚು ಖರ್ಚಾದರೆ ದೇಹ ಇನ್ನೊಂದು ಕಡೆ ಕೈ ಬಿಗಿಹಿಡಿಯುತ್ತದೆ. ಅಮೆರಿಕದ ಟಿ.ವಿ.ಯಲ್ಲಿ ತೂಕ ಇಳಿಸುವ ಸ್ಪರ್ಧೆಯೊಂದು ಬರುತ್ತಿತ್ತು. ಅದರ 14 ಸ್ಪರ್ಧಿಗಳನ್ನು ಆರು ವರ್ಷದ ನಂತರ ಕೆವಿನ್ ಹಾಲ್ ತಂಡ ಪರೀಕ್ಷಿಸಿತು; 2016ರಲ್ಲಿ ವರದಿ ಬಂತು. ಬಹುತೇಕರಿಗೆ ಇಳಿದ ತೂಕದ ದೊಡ್ಡ ಪಾಲು ಮರಳಿ ಬಂದಿತ್ತು. ಸುಮ್ಮನೆ ಮಲಗಿದ್ದಾಗ ದೇಹ ಸುಡುವ ಶಕ್ತಿ ಮಾತ್ರ, ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಾಗಿಯೇ ಉಳಿದಿತ್ತು. ಇದು ಮನೋಬಲದ ಸೋಲೆಂದು ಭಾಷಣ ಬಿಗಿಯುವವರು ಈ ಅಂಕಿಯನ್ನು ಒಮ್ಮೆ ಓದಲಿ.

ಇಷ್ಟು ದೂರ ಹೋಗುವುದೂ ಬೇಡ. ನಮ್ಮ ಅಪಾರ್ಟ್‌ಮೆಂಟುಗಳಿಗೆ ಕೆಲಸಕ್ಕೆ ಬರುವ ಹೆಂಗಸರನ್ನು ನೋಡಿ. ಬಾಬುಸಾಬ್ ಪಾಳ್ಯದಿಂದಲೋ ಹೆಣ್ಣೂರಿನಿಂದಲೋ ನಡೆದೇ ಬರುತ್ತಾರೆ. ನಾಲ್ಕೈದು ಮನೆ ಗುಡಿಸಿ ಒರೆಸಿ, ಪಾತ್ರೆ ತಿಕ್ಕಿ, ಲಿಫ್ಟ್ ಬಳಸಬೇಡಿ ಎಂದು ಬರೆದ ಕಟ್ಟಡಗಳಲ್ಲಿ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಜಿಮ್‌ನ ಸಿದ್ಧಾಂತ ನಿಜವಾಗಿದ್ದರೆ ಇವರೆಲ್ಲ ಕಡ್ಡಿಯಂತಿರಬೇಕಿತ್ತು. ಇಲ್ಲ. ಅನೇಕರಿಗೆ ಹೊಟ್ಟೆ ಇದೆ, ಮಂಡಿ ನೋವಿದೆ, ಶುಗರ್ ಇದೆ. "ಡಾಕ್ಟ್ರು ವಾಕಿಂಗ್ ಮಾಡು ಅಂತಾರಕ್ಕ, ಇನ್ನೆಲ್ಲಿ ಮಾಡ್ಲಿ?" ಎಂದು ಒಬ್ಬಾಕೆ ಕೇಳಿದಾಗ ಯಜಮಾನತಿ ನಕ್ಕು ಸುಮ್ಮನಾದದ್ದನ್ನು ಕಂಡಿದ್ದೇನೆ. ಅದು ನಗುವ ಪ್ರಶ್ನೆಯಲ್ಲ. ದಿನವಿಡೀ ಬಗ್ಗಿ ದುಡಿಯುವುದು, ಅನ್ನವನ್ನೇ ನೆಚ್ಚಿದ ಊಟ, ನಾಲ್ಕು ಗಂಟೆಗೇಳುವ ನಿದ್ದೆಗೇಡು, ಇವೆಲ್ಲ ಸೇರಿ ಆಗುವುದೇ ಬೇರೆ. ಬಿಡುವಿನಲ್ಲಿ ಸಡಿಲವಾಗಿ ಅರ್ಧ ಗಂಟೆ ನಡೆದರೆ ಆಗುವುದೇ ಬೇರೆ.

ಹಾಗಾದರೆ ವ್ಯಾಯಾಮ ದಂಡವೇ? ಇಲ್ಲಿಂದ ಮುಂದೆ ನಾನು ಜಿಮ್‌ನವರಿಗಿಂತ ಜೋರಾಗಿ ವ್ಯಾಯಾಮದ ವಕಾಲತ್ತು ವಹಿಸುತ್ತೇನೆ.

ನಡೆಯುವಾಗ ತೊಡೆಯ ಸ್ನಾಯು ಬಿಗಿದು ಸಡಿಲವಾಗುತ್ತದಲ್ಲ, ಆಗ ಅದರ ಕೋಶದೊಳಗೆ ಮುದುಡಿ ಕೂತಿರುವ ಗ್ಲುಟ್-4 ಎಂಬ ಪ್ರೋಟೀನು ಮೇಲ್ಮೈಗೆ ಬಂದು ರಕ್ತದ ಸಕ್ಕರೆಯನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಸುಮ್ಮನೆ ಕೂತವನಲ್ಲಿ ಇದನ್ನು ಎಬ್ಬಿಸಲು ಇನ್ಸುಲಿನ್ ಬೇಕು. ಟೈಪ್-2 ಸಕ್ಕರೆ ಕಾಯಿಲೆಯವರಲ್ಲಿ ಇನ್ಸುಲಿನ್ನಿನ ಮಾತು ಸರಿಯಾಗಿ ನಡೆಯುವುದಿಲ್ಲ, ಅದೇ ಕಾಯಿಲೆ. ದುಡಿಯುವ ಸ್ನಾಯು ಮಾತ್ರ ಇನ್ಸುಲಿನ್ನಿನ ಅಪ್ಪಣೆಗೆ ಕಾಯುವುದಿಲ್ಲ. ಊಟವಾದ ಮೇಲೆ ಹದಿನೈದು ನಿಮಿಷ ಅಡ್ಡಾಡಿದವನ ಶುಗರ್ ಅದೇ ದಿನ ಕಡಿಮೆ ಏರುತ್ತದೆ. ಒಂದು ದಿನದ ಒಳ್ಳೆಯ ಕಸರತ್ತಿನಿಂದ ಇನ್ಸುಲಿನ್ನಿಗೆ ಸ್ನಾಯು ಕಿವಿಗೊಡುವ ಗುಣ ಒಂದೆರಡು ದಿನ ಹೆಚ್ಚುತ್ತದೆ. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ನಾಳ ಸಡಿಲವಾಗುತ್ತದೆ, ಬಿಪಿ ಇಳಿಯುತ್ತದೆ. ಹೊಟ್ಟೆಯೊಳಗೆ ಕರುಳು, ಲಿವರ್‌ಗಳ ಸುತ್ತ ಸೇರಿಕೊಂಡ ಕೊಬ್ಬು ಕರಗತೊಡಗುತ್ತದೆ. ಇದಿಷ್ಟೂ ನಡೆಯುವಾಗ ತೂಕದ ಮುಳ್ಳು ಕದಲದೆ ನಿಂತಿರಬಹುದು. ಒಳಗಿನ ಕೊಬ್ಬು ಹೋಗಿ ತೊಡೆಗೆ ಸ್ನಾಯು ಕೂಡಿದರೆ ಯಂತ್ರಕ್ಕೆ ಎರಡೂ ಒಂದೇ. ಅದು ತೂಗುತ್ತದೆ, ನೋಡುವುದಿಲ್ಲ.

ಪುರಾವೆ ಪಕ್ಕದ ಚೆನ್ನೈಯಲ್ಲೇ ಇದೆ. ಡಾ. ಎ. ರಾಮಚಂದ್ರನ್ ತಂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಗುಂಪುಗಳಾಗಿ ವಿಂಗಡಿಸಿ ಮೂರು ವರ್ಷ ಗಮನಿಸಿತು. ವರದಿ ಪ್ರಕಟವಾದದ್ದು 2006ರಲ್ಲಿ. ಒಂದು ಗುಂಪಿಗೆ ನಡಿಗೆ, ಊಟದ ತಿದ್ದುಪಡಿ. ಆ ಗುಂಪಿನಲ್ಲಿ ಕಾಯಿಲೆ ಬರುವ ಸಂಭವ ಶೇ. 28.5ರಷ್ಟು ತಗ್ಗಿತು. ಅವರ ತೂಕ? ಹೇಳಿಕೊಳ್ಳುವಷ್ಟು ಇಳಿಯಲೇ ಇಲ್ಲ. ಇವರು ನಮ್ಮ ಜಿಮ್ ಸದಸ್ಯರಾಗಿದ್ದರೆ ಮೂರನೇ ತಿಂಗಳಿಗೆ "ಏನೂ ಆಗ್ತಿಲ್ಲ" ಎಂದು ಬಿಟ್ಟು, ಮೂರನೇ ವರ್ಷಕ್ಕೆ ಸಕ್ಕರೆ ಕಾಯಿಲೆಗೆಂದು ಮೆಟ್‌ಫಾರ್ಮಿನ್ ನುಂಗುತ್ತಿದ್ದರು.

ಇನ್ನೊಂದು ಹಳೆಯ ಕತೆ ಬಸ್ಸಿನದು. ಬಿಟಿಎಸ್ ಕಾಲದಲ್ಲಿ ಬೆಂಗಳೂರಿನಲ್ಲೂ ಡಬಲ್ ಡೆಕ್ಕರ್ ಓಡುತ್ತಿದ್ದವು, ಹಾಗಾಗಿ ಇದು ನಮ್ಮ ಕಡೆಯ ಹಿರಿಯರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಲಂಡನ್ನಿನ ಜೆರೆಮಿ ಮಾರಿಸ್ ಎಂಬ ವೈದ್ಯ ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್, ಕಂಡಕ್ಟರುಗಳ ಹೃದಯವನ್ನು ಹೋಲಿಸಿ 1953ರಲ್ಲಿ ಬರೆದ. ಇಬ್ಬರೂ ಒಂದೇ ಬಸ್ಸು, ಒಂದೇ ಪಾಳಿ, ಒಂದೇ ಬಗೆಯ ಮನೆತನ. ಡ್ರೈವರ್ ದಿನವಿಡೀ ಕೂತಿರುತ್ತಾನೆ. ಕಂಡಕ್ಟರ್ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದಯಾಘಾತ ಕಂಡಕ್ಟರುಗಳಲ್ಲಿ ಸ್ಪಷ್ಟವಾಗಿ ಕಡಿಮೆ. ಆಗಲೂ ಜನ ಅಂದರು: ಡ್ರೈವರುಗಳು ದಪ್ಪಗಿರುತ್ತಾರೆ, ಅದಕ್ಕೇ. ಮಾರಿಸ್ ಬಿಡಲಿಲ್ಲ, ಕಂಪನಿ ಹೊಲಿಸಿಕೊಟ್ಟ ಪ್ಯಾಂಟುಗಳ ಸೊಂಟದ ಅಳತೆಯನ್ನೇ ತರಿಸಿಕೊಂಡು ಕೂತ. ಡ್ರೈವರುಗಳ ಸೊಂಟ ದೊಡ್ಡದೇ ಇತ್ತು, ನಿಜ. ಆದರೆ ತೆಳ್ಳಗಿರಲಿ ಡೊಳ್ಳುಹೊಟ್ಟೆಯಿರಲಿ, ಕಂಡಕ್ಟರಾದವನಿಗೆ ಅಪಾಯ ಕಡಿಮೆ. ಮೆಟ್ಟಿಲು ಹತ್ತಿದ್ದು ಹೃದಯಕ್ಕೆ ನೇರವಾಗಿ ಸಂದಿತ್ತು, ಸೊಂಟದ ದಾರಿ ಹಿಡಿದಲ್ಲ. ಮಾರಿಸ್ ತಾನೂ ವ್ಯಾಯಾಮ ಬಿಡಲಿಲ್ಲ, 99 ವರ್ಷ ಬದುಕಿದ.

2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ರಾಜ್ಯವನ್ನೇ ಗಾಬರಿಪಡಿಸಿದಾಗ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸತ್ತವರ ಪಟ್ಟಿಯಲ್ಲಿ ಆಟೊ, ಕ್ಯಾಬ್ ಚಾಲಕರ ಪಾಲು ದೊಡ್ಡದಿತ್ತು. ಮಾರಿಸ್ ಓದಿದ್ದವರಿಗೆ ಆಶ್ಚರ್ಯವಾಗಬೇಕಿರಲಿಲ್ಲ. ಕಲ್ಯಾಣ ನಗರದ ರಿಂಗ್ ರಸ್ತೆಯ ಸಿಗ್ನಲ್ಲಿನಲ್ಲಿ ಹೊತ್ತುಗಟ್ಟಲೆ ಕೂತೇ ಇರುವ ಡ್ರೈವರಿಗೆ ನಾವು ಹೇಳುವ ಬುದ್ಧಿ ಎಂದರೆ "ಸ್ವಲ್ಪ ಹೊಟ್ಟೆ ಇಳಿಸಪ್ಪ" ಎಂಬುದು.

ತೂಕದ ಯಂತ್ರ ದಪ್ಪಗಿರುವವರಿಗೆ ಮಾಡುವ ಅನ್ಯಾಯಕ್ಕಿಂತ ತೆಳ್ಳಗಿರುವವರಿಗೆ ಮಾಡುವ ಮೋಸ ದೊಡ್ಡದು. "ನಂಗೇನ್ರಿ, ಇಪ್ಪತ್ತು ವರ್ಷದಿಂದ ಅರವತ್ತೆರಡೇ ಕೇಜಿ" ಎಂದು ಬೆನ್ನು ತಟ್ಟಿಕೊಳ್ಳುವವರು ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಇದ್ದಾರೆ. ಕೈಕಾಲು ಕಡ್ಡಿ, ನಡುವೆ ಒಂದು ಪುಟ್ಟ ಗುಡಾಣ. ಪುಣೆಯ ಡಾ. ಸಿ.ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಹಾಕಿಕೊಂಡರು. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಬಿಎಂಐ ಇಬ್ಬರದೂ 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2! ನಮ್ಮ ನೆಲದ ದೇಹದಲ್ಲಿ ಸ್ನಾಯು ಕಡಿಮೆ, ಒಳಕೊಬ್ಬು ಹೆಚ್ಚು. ಅದಕ್ಕೇ ಭಾರತೀಯರಿಗೆ ಬಿಎಂಐ 23ಕ್ಕೇ ಎಚ್ಚರಿಕೆಯ ಗಂಟೆ, ಗಂಡಸರಿಗೆ ಸೊಂಟ 90 ಸೆಂಟಿಮೀಟರ್, ಹೆಂಗಸರಿಗೆ 80 ಎಂಬ ಗೆರೆ. ಟೈಲರ್ ಟೇಪು ತೂಕದ ಯಂತ್ರಕ್ಕಿಂತ ಅಗ್ಗ, ಅದಕ್ಕಿಂತ ಪ್ರಾಮಾಣಿಕ. ಹೈದರಾಬಾದಿನಲ್ಲಿ ಐಟಿ ಉದ್ಯೋಗಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2025ರಲ್ಲಿ ಬಂತು: ಶೇ. 84 ಮಂದಿಗೆ ಲಿವರ್‌ನಲ್ಲಿ ಕೊಬ್ಬು. ನಾಗವಾರದ ಮಾನ್ಯತಾ ಟೆಕ್ ಪಾರ್ಕಿಗೆ ಹೋಗಿ ಬರುವ ನಮ್ಮ ಬಡಾವಣೆಯ ಹುಡುಗರ ದಿನಚರಿ ಅವರಿಗಿಂತ ಬೇರೆಯಾಗೇನೂ ಇಲ್ಲ.

ಹಾಗೆಂದು ಬೊಜ್ಜು ಏನೂ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಈಚೆಗೆ ಹಾಗೆ ಹೇಳುವ ಫ್ಯಾಷನ್ನೂ ಬಂದಿದೆ, ಅದೂ ಸುಳ್ಳು. ಕೊಬ್ಬೆಂದರೆ ಸುಮ್ಮನೆ ತುಂಬಿಟ್ಟ ಮೂಟೆಯಲ್ಲ. ಜೆಫ್ರಿ ಫ್ರೀಡ್‌ಮನ್ ತಂಡ 1994ರಲ್ಲಿ ಲೆಪ್ಟಿನ್ ಕಂಡುಹಿಡಿದ ಮೇಲೆ ಅದೊಂದು ಗ್ರಂಥಿಯಂತೆಯೇ ಕೆಲಸ ಮಾಡುತ್ತದೆ, ಮಿದುಳಿಗೆ ಹಸಿವಿನ ಸುದ್ದಿ ಕಳಿಸುತ್ತದೆ ಎಂದು ಗೊತ್ತಾಯಿತು. ಹೆಚ್ಚಾದ ಕೊಬ್ಬು ಊದಿಕೊಳ್ಳುತ್ತದೆ, ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತದೆ, ಜಾಗ ಸಾಲದೆ ಲಿವರ್‌ಗೂ ಸ್ನಾಯುವಿಗೂ ಇಳಿಯುತ್ತದೆ. ಕುತ್ತಿಗೆಯ ಸುತ್ತ ಸೇರಿದರೆ ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟುತ್ತದೆ. ಮಂಡಿಯ ಮೇಲೆ ಒಂದು ಕೇಜಿಯ ಭಾರ ಪ್ರತಿ ಹೆಜ್ಜೆಗೂ ನಾಲ್ಕರಷ್ಟಾಗಿ ಬೀಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 30ರಷ್ಟು ಮಂದಿಯ ತೂಕ ಮಿತಿ ಮೀರಿದೆ, ಗಂಡಸರು ಹೆಂಗಸರು ಹೆಚ್ಚುಕಡಿಮೆ ಸಮಸಮ. ಹತ್ತರಲ್ಲಿ ಮೂರು ಜನ ಒಮ್ಮೆಲೇ ಸೋಮಾರಿಗಳಾದರು ಎನ್ನುವುದು ವಿವರಣೆಯಲ್ಲ, ಬೈಗುಳ.

ಕ್ಲಿನಿಕ್ಕಿನಲ್ಲಿ ಈ ಬೈಗುಳಕ್ಕೆ ಬಿಳಿ ಕೋಟು ಸಿಕ್ಕಿದೆ. ನನ್ನ ಪರಿಚಯದ ಹೆಂಗಸೊಬ್ಬರು ಮಂಡಿ ನೋವೆಂದು ಹೋದರೆ ವೈದ್ಯರು ಮಂಡಿ ಮುಟ್ಟಲೇ ಇಲ್ಲ. ಕುರ್ಚಿಯಿಂದಲೇ "ಮೊದ್ಲು ಹತ್ತು ಕೇಜಿ ಇಳಿಸ್ಕೊಂಡು ಬನ್ನಿ" ಎಂದು ಚೀಟಿ ಕೊಟ್ಟರಂತೆ. ನೋಯುವ ಮಂಡಿಯಲ್ಲಿ ನಡೆಯುವುದು ಹೇಗೆ, ಹತ್ತು ಕೇಜಿ ಇಳಿಸುವುದು ಹೇಗೆ, ಅದರಲ್ಲಿ ಬರೆದಿರಲಿಲ್ಲ. ತೊಡೆಯ ಸ್ನಾಯು ಗಟ್ಟಿಯಾದರೆ ತೂಕ ಇದ್ದಷ್ಟೇ ಇದ್ದರೂ ಮಂಡಿಯ ನೋವು ತಗ್ಗುತ್ತದೆ. ಕುರ್ಚಿಯಿಂದ ಕೈಯೂರದೆ ಏಳುವುದನ್ನು ದಿನಕ್ಕಿಷ್ಟು ಸಲ ಎಂದು ಹೇಳಿಕೊಡಲು ಎರಡು ನಿಮಿಷ ಸಾಕಿತ್ತು. ಆ ಹೆಂಗಸು ಮುಂದೆ ಆರು ತಿಂಗಳು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ, ನಾಚಿಕೆಯಿಂದ.

ನಮ್ಮ ಊರಿನ ಹಳೆಯ ಕಸರತ್ತಿನಲ್ಲಿ ತೂಕ ಎಣಿಸುವ ಈ ಕಾಯಿಲೆ ಇರಲಿಲ್ಲ. ಗರಡಿಯ ಮಟ್ಟಿಯಲ್ಲಿ ಸಾಮು ತೆಗೆಯುವ ಪೈಲ್ವಾನನಿಗೆ ಬಾದಾಮಿ, ಹಾಲು, ತುಪ್ಪ ಕೊಟ್ಟು ಬೆಳೆಸುತ್ತಿದ್ದರು. ಎಷ್ಟು ಬಸ್ಕಿ ಹೊಡೆದ, ಯಾರನ್ನು ಕೆಡವಿದ ಎಂದು ಕೇಳುತ್ತಿದ್ದರೇ ಹೊರತು ಎಷ್ಟು ಇಳಿದ ಎಂದಲ್ಲ. ಕಾದಂಬರಿಕಾರರೂ ಆಗಿದ್ದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ನಡೆಸಿದ ವ್ಯಾಯಾಮಶಾಲೆಗೆ ಜನ ಹೋಗುತ್ತಿದ್ದುದು ಮೈ ಕಟ್ಟಲು. ಅದರಲ್ಲೂ ಒಂದು ಪ್ರದರ್ಶನದ ಹುಚ್ಚು ಇತ್ತು ಎನ್ನಿ, ಆದರೆ ಇರುವ ಮೈಯನ್ನು ಶಿಕ್ಷಿಸುವುದು ಅದರ ಗುರಿಯಾಗಿರಲಿಲ್ಲ.

ಇನ್ನು ಎದುರುಪಕ್ಷದ ಮಾತು. "ತೂಕ ಮುಖ್ಯವಲ್ಲ ಅಂದ್ಬಿಟ್ರೆ ಜನ ತಿಂದ್ಕೊಂಡು ಕೂತ್ಬಿಡ್ತಾರೆ" ಎಂದು ಹೆದರುವವರಿದ್ದಾರೆ. ಅವರ ಹೆದರಿಕೆಯ ಕಾಲದಲ್ಲೇ, ಅಂದರೆ ತೂಕವೇ ಸರ್ವಸ್ವವೆಂದು ಡಂಗುರ ಹೊಡೆದ ಈ ಎರಡು ದಶಕಗಳಲ್ಲೇ, ಬೊಜ್ಜು ಇಷ್ಟು ಬೆಳೆದದ್ದು. ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನ ಸಾಕಷ್ಟು ಮೈದಂಡಿಸುವುದಿಲ್ಲ ಎಂದು 2024ರಲ್ಲಿ ಪ್ರಕಟವಾದ ಜಾಗತಿಕ ಲೆಕ್ಕ ಹೇಳಿತು, ಹೆಂಗಸರಲ್ಲಿ ಇನ್ನೂ ಹೆಚ್ಚು. ಡಂಗುರದಿಂದ ಯಾರೂ ಎದ್ದು ನಡೆದಂತಿಲ್ಲ. ಇನ್ನೊಂದು ವಾದ ಹೆಚ್ಚು ಗಟ್ಟಿಯಾದದ್ದು: ಫಿಟ್ ಆಗಿದ್ದರೂ ಬೊಜ್ಜಿನ ಅಪಾಯ ಪೂರ್ತಿ ಹೋಗುವುದಿಲ್ಲ. ಒಪ್ಪಿದೆ. ಡಲ್ಲಾಸ್‌ನಲ್ಲಿ ಸ್ಟೀವನ್ ಬ್ಲೇರ್ ಸಾವಿರಾರು ಗಂಡಸರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ವರ್ಷಗಟ್ಟಲೆ ಹಿಂಬಾಲಿಸಿದಾಗ, ದಮ್ಮಿಲ್ಲದ ತೆಳ್ಳನೆಯವರಿಗಿಂತ ದಮ್ಮಿರುವ ದಪ್ಪನೆಯವರು ಕಡಿಮೆ ಸತ್ತರು. ಆದರೆ ಎಲ್ಲ ಅಧ್ಯಯನಗಳೂ ಅಷ್ಟು ಉದಾರವಾಗಿ ಮಾತಾಡಿಲ್ಲ. ಬೊಜ್ಜಿಗೆ ಚಿಕಿತ್ಸೆ ಬೇಕು. ಅದು ಬಹುಪಾಲು ತಟ್ಟೆಯಲ್ಲಿದೆ, ಔಷಧದಲ್ಲಿದೆ, ಕೆಲವರಿಗೆ ಶಸ್ತ್ರಚಿಕಿತ್ಸೆಯಲ್ಲಿದೆ. ಅದರ ಹೊಣೆಯನ್ನೆಲ್ಲ ಟ್ರೆಡ್‌ಮಿಲ್ಲಿನ ತಲೆಗೆ ಕಟ್ಟಬೇಡಿ ಎಂಬುದಷ್ಟೇ ನನ್ನ ವಾದ.

ಔಷಧದ ಮಾತು ಬಂತಲ್ಲ. 2025ರ ಮಾರ್ಚಿನಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೊವಿ ಭಾರತದ ಮಾರುಕಟ್ಟೆಗೆ ಬಂದವು. ವಾರಕ್ಕೊಂದು ಚುಚ್ಚುಮದ್ದು, ಹಸಿವು ಇಳಿಯುತ್ತದೆ, ತೂಕ ನಿಜವಾಗಿಯೂ ಇಳಿಯುತ್ತದೆ. ಈಗ ಕೇಳಿ: ವ್ಯಾಯಾಮ ಇರುವುದೇ ತೂಕ ಇಳಿಸಲು ಎಂದಾದರೆ, ಸೂಜಿ ಬಂದ ಮೇಲೆ ಜಿಮ್ ಮುಚ್ಚಬಹುದಲ್ಲ? ಆಗುವುದಿಲ್ಲ. ಸೂಜಿಯಿಂದ ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಮೊದಲೇ ಸ್ನಾಯು ಕಡಿಮೆಯಿರುವ ನಮ್ಮ ಮೈಗೆ ಇದು ದುಬಾರಿ. ಭಾರ ಎತ್ತುವುದು, ಬಸ್ಕಿ ಹೊಡೆಯುವುದು ಆಗಲೇ ಹೆಚ್ಚು ಬೇಕು. ತೂಕದ ಯಂತ್ರ ಮಾತ್ರ ಆಗಲೂ ಶಹಬ್ಬಾಸ್ ಅನ್ನುತ್ತಿರುತ್ತದೆ.

ವ್ಯಾಯಾಮವೇ ಅಪಾಯ ಎಂಬ ವಿರುದ್ಧದ ಮೂಢನಂಬಿಕೆಯೂ ನಮ್ಮಲ್ಲೇ ಹುಟ್ಟಿತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ ಜಯದೇವದ ಮುಂದೆ ಹೃದಯ ಪರೀಕ್ಷೆಗೆ ಜನ ಮುಗಿಬಿದ್ದರು, ಜಿಮ್ ಬಿಟ್ಟವರೂ ಬಹಳ. ಅಷ್ಟು ಫಿಟ್ ಇದ್ದ ಅಪ್ಪುವಿಗೇ ಹೀಗಾದರೆ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಈ ದಿಗಿಲಿನ ಬೇರೂ ಅದೇ ನಂಬಿಕೆ: ಕಣ್ಣಿಗೆ ಫಿಟ್ ಆಗಿ ಕಂಡ ಮೈ ಒಳಗೂ ಕ್ಷೇಮ. ಮೈಕಟ್ಟು ಹೃದಯದ ರಿಪೋರ್ಟ್ ಅಲ್ಲ. ಅಭ್ಯಾಸವಿಲ್ಲದವನು ಒಮ್ಮೆಲೇ ಜೋರು ಕಸರತ್ತಿಗೆ ಬಿದ್ದರೆ ಆ ಹೊತ್ತಿಗೆ ಅಪಾಯ ಏರುತ್ತದೆ. ತಪ್ಪದೆ ಮಾಡುವವನಿಗೆ ಒಟ್ಟು ಅಪಾಯ ಇಳಿಯುತ್ತದೆ. ಎದೆ ಹಿಡಿದಂತಾದರೆ, ಮನೆತನದಲ್ಲಿ ಎಳೆವಯಸ್ಸಿನ ಹೃದಯಾಘಾತವಿದ್ದರೆ ಮೊದಲು ತೋರಿಸಿಕೊಳ್ಳಬೇಕು. ಜಿಮ್ ಬಿಟ್ಟು ಸೋಫಾ ಹಿಡಿದವರು ಇನ್ನೂ ದೊಡ್ಡ ಅಪಾಯವನ್ನು ಆರಿಸಿಕೊಂಡರು.

ಕೊನೆಯದಾಗಿ, ತೂಕದ ಈ ಸಿದ್ಧಾಂತ ಆಡಳಿತಕ್ಕೆ ಎಷ್ಟು ಅನುಕೂಲ ನೋಡಿ. ಬೊಜ್ಜು ನಿಮ್ಮ ಸೋಮಾರಿತನವಾದರೆ ಫುಟ್‌ಪಾತಿನ ಹೊಣೆ ಯಾರದೂ ಅಲ್ಲ. ಎಚ್‌ಆರ್‌ಬಿಆರ್‌ನ ಯಾವುದೇ ಅಡ್ಡರಸ್ತೆಯಲ್ಲಿ ನೂರು ಹೆಜ್ಜೆ ಇಟ್ಟು ನೋಡಿ: ಚಪ್ಪಡಿ ಎದ್ದ ಚರಂಡಿ, ಅದರ ಮೇಲೆ ಇಸ್ತ್ರಿ ಗಾಡಿ, ಆಚೆ ಸ್ಕೂಟರುಗಳ ಸಾಲು, ಮೂಲೆಯಲ್ಲಿ ಬೇಲಿ ಹಾಕಿದ ಟ್ರಾನ್ಸ್‌ಫಾರ್ಮರ್. ರಸ್ತೆಗಿಳಿದರೆ ಎದುರಿನಿಂದ ಡೆಲಿವರಿ ಹುಡುಗರ ಗಾಡಿಗಳು. ಸೀರೆಯುಟ್ಟ ಅರವತ್ತರ ಹೆಂಗಸಿಗೆ ಇದು ವಾಕಿಂಗ್ ಅಲ್ಲ, ಸರ್ಕಸ್. ಪಾರ್ಕಿಗೆ ಹೋಗಿ ಎನ್ನುತ್ತಾರೆ. ನಗರದ ಪಾರ್ಕುಗಳನ್ನು ಬೆಳಗಿನಿಂದ ರಾತ್ರಿ ಹತ್ತರವರೆಗೂ ತೆರೆದಿಡುತ್ತೇವೆಂದು ಸರ್ಕಾರ ಹೇಳಿದ್ದೇ 2024ರ ಜೂನಿನಲ್ಲಿ, ಅಲ್ಲಿಯವರೆಗೆ ನಡುಹಗಲು ಬೀಗ. ಕೆ.ಆರ್. ಪುರದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ನೀಲಿ ಮಾರ್ಗದ ಯೋಜನೆಯಲ್ಲಿ ನಮಗೊಂದು ಕಲ್ಯಾಣ ನಗರ ನಿಲ್ದಾಣವಿದೆ. ಮನೆಯಿಂದ ಅಲ್ಲಿಗೆ ನಡೆದು ಹೋಗಿ ಮೆಟ್ಟಿಲು ಹತ್ತಿದರೆ ಮಾರಿಸ್ಸನ ಕಂಡಕ್ಟರಿಗೆ ಸಿಕ್ಕ ಲಾಭದಲ್ಲಿ ಸ್ವಲ್ಪ ಸಾವಿರಾರು ಜನಕ್ಕೆ ಪುಕ್ಕಟೆ ಸಿಗುತ್ತದೆ, ತೂಕ ಇಳಿಯಲಿ ಬಿಡಲಿ. ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಹೊಸಬರು ಪಾರ್ಕಿನಲ್ಲಿ ಇನ್ನೊಂದು ಓಪನ್ ಜಿಮ್ ಉದ್ಘಾಟಿಸಿ ಫೋಟೊ ತೆಗೆಸಿಕೊಳ್ಳುವ ಮೊದಲು ಆ ಚಪ್ಪಡಿ ಕೂರಿಸಲಿ, ಟ್ರಾನ್ಸ್‌ಫಾರ್ಮರನ್ನು ಮೂರಡಿ ಹಿಂದಕ್ಕೆ ಸರಿಸಲಿ.